ನೋವಿಲ್ಲ ಅಂತ ನಂಬಬೇಡ

ತಮ್ಮಾ,

ನಿನ್ನ ರಕ್ತದ ರಿಪೋರ್ಟು ನೋಡಿದೆ. ಬರಿ ಹೊಟ್ಟೆಯಲ್ಲಿ 172, ಉಂಡ ಎರಡು ತಾಸಿಗೆ 268, ಎಚ್‌ಬಿಎ1ಸಿ 8.6. ವಯಸ್ಸು 36. ಆ ಹಾಳೆಯನ್ನು ನನ್ನ ಕೈಗೆ ಕೊಡುತ್ತ ನೀನು ಅಂದೆ: "ನನಗೇನೂ ಆಗೇ ಇಲ್ರೀ ಅಕ್ಕಾರ. ಮೊನ್ನಿ ಇಡೀ ಹೊಲದ ಕಡ್ಲಿ ಕಿತ್ತು ಬಂದೇನಿ. ಒಂದ್ ದಿನಾನೂ ಜಡ್ಡು ಅಂತ ಮಲಗಿಲ್ಲ." ಬಾಗಿಲಲ್ಲಿ ನಿಂತು ಹೇಳಿ ಮುಗಿಸುವಂಥ ಮಾತಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಹೇಳಿದ್ದು ನಿಜ, ನಿನಗೆ ನೋವಿಲ್ಲ. ಆದರೆ ನವಲಗುಂದ, ಅಣ್ಣಿಗೇರಿ, ಕುಂದಗೋಳ ಸೀಮೆಯ ಉಪಕೇಂದ್ರಗಳಲ್ಲಿ ನರ್ಸಾಗಿ ದುಡಿದ ಕಾಲದಲ್ಲಿ ಇದೇ ಮಾತನ್ನು ಎಷ್ಟೋ ಗಟ್ಟಿಮುಟ್ಟಾದ ಗಂಡಸರ ಬಾಯಲ್ಲಿ ಕೇಳಿದ್ದೇನೆ. ಅವರಲ್ಲಿ ಕೆಲವರನ್ನು ಮುಂದೆ ಕಾಲಿಗೆ ಬಟ್ಟೆ ಸುತ್ತಿ ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಗೆ ಕಳಿಸಿದ್ದೇನೆ. ನಮ್ಮ ಕಡೆಯ ಮಂದಿ ದವಾಖಾನೆಯ ದಾರಿ ಹಿಡಿಯುವುದು ಜ್ವರ ಬಂದರೆ, ನೋವು ತಡೆಯದಾದರೆ, ಇಲ್ಲವೇ ರಕ್ತ ಕಂಡರೆ. ಸಕ್ಕರೆ ರೋಗ ಮೊದಲ ಎಷ್ಟೋ ವರ್ಷ ಈ ಮೂರರಲ್ಲಿ ಒಂದನ್ನೂ ತೋರಿಸುವುದಿಲ್ಲ. ಕಡೆಗೆ ನೋವನ್ನು ತಿಳಿಸಬೇಕಾದ ನರಗಳನ್ನೇ ಕೆಡಿಸಿಬಿಡುತ್ತದೆ. ಆದ್ದರಿಂದ ಇನ್ನು ಮುಂದೆ ಈ ಒಂದು ವಿಷಯದಲ್ಲಿ ಮೈ ಹೇಳಿದ್ದನ್ನು ನಂಬಬೇಡ, ಹಾಳೆಯ ಮೇಲಿನ ಅಂಕಿಯನ್ನು ನಂಬು. ನಾನು ಹೇಳಬೇಕಾದದ್ದು ಇದೇ. ಉಳಿದದ್ದೆಲ್ಲ ಇದರ ವಿವರ.

ಮಲಪ್ರಭಾ ಕಾಲುವೆ ಬಂದ ಹೊಸತರಲ್ಲಿ ಮನಬಂದಷ್ಟು ನೀರು ಹಾಯಿಸಿದ ಹೊಲಗಳು ಏನಾದವು ಅಂತ ನಿಮ್ಮ ಅಪ್ಪನನ್ನು ಕೇಳು. ಮೊದಮೊದಲು ಬೆಳೆ ಹಚ್ಚಗೇ ನಿಂತಿತ್ತು. ಎರಿ ಮಣ್ಣಿನ ಒಳಗೆ ಉಪ್ಪು ಮೇಲೇರುತ್ತಿದ್ದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಬೆಳ್ಳಗೆ ಸವಳು ಕಂಡ ದಿನ ಹೊಲ ಹೋಗಿಯಾಗಿತ್ತು. ರಕ್ತದಲ್ಲಿ ಹೆಚ್ಚಾದ ಸಕ್ಕರೆಯೂ ಹೀಗೇ ಸದ್ದಿಲ್ಲದೆ ಸಣ್ಣ ರಕ್ತನಾಳಗಳ ಒಳಗೋಡೆಯನ್ನು ಕೆಡಿಸುತ್ತ ಹೋಗುತ್ತದೆ. ಕಣ್ಣಿನ ಹಿಂಪರದೆ, ಮೂತ್ರಪಿಂಡದ ಸೋಸುವ ಜಾಲರಿ, ಪಾದದ ನರ, ಈ ಮೂರಕ್ಕೆ ಮೊದಲ ಪೆಟ್ಟು. ಹೃದಯದ ಮತ್ತು ಮಿದುಳಿನ ದೊಡ್ಡ ನಾಳಗಳೂ ಬೇರೆಯವರಿಗಿಂತ ಬೇಗ ಗಟ್ಟಿಯಾಗುತ್ತವೆ. ಎಷ್ಟೋ ಜನರಿಗೆ ರೋಗ ಗೊತ್ತಾದ ದಿನವೇ ಇವುಗಳಲ್ಲಿ ಒಂದು ಆಗಲೇ ಶುರುವಾಗಿರುತ್ತದೆ.

ಅಂಕಿಗಳನ್ನು ಒಮ್ಮೆ ಮನಸ್ಸಿಟ್ಟು ತಿಳಿದುಕೋ. ಎಂಟು ತಾಸು ನೀರಿನ ಹೊರತು ಏನನ್ನೂ ಮುಟ್ಟದೆ ಕೊಟ್ಟ ರಕ್ತದಲ್ಲಿ 100ರ ಒಳಗಿದ್ದರೆ ಸರಿ, 126 ಮುಟ್ಟಿದರೆ ರೋಗ. ನಡುವಿನದು ಗಡಿ. ಗಡಿಯಲ್ಲಿರುವವರು ತಿರುಗಿ ಬರಬಹುದು, ಅದಕ್ಕೇ ಅವರನ್ನು ಹುಡುಕುವುದು ಮುಖ್ಯ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ತಾಸು ಬಿಟ್ಟು ನೋಡಿದಾಗ 200 ದಾಟಿದರೂ ರೋಗವೇ. ಎಚ್‌ಬಿಎ1ಸಿ 6.5 ಆದರೂ ಅಷ್ಟೇ. ಈ ಕೊನೆಯದು ಕೆಂಪು ರಕ್ತಕಣಕ್ಕೆ ಅಂಟಿದ ಸಕ್ಕರೆಯ ಲೆಕ್ಕ. ಕಣದ ಆಯುಸ್ಸು ಸುಮಾರು 120 ದಿನ, ಹಾಗಾಗಿ ಅದು ಹಿಂದಿನ ಎರಡು ಮೂರು ತಿಂಗಳ ಕಥೆ ಹೇಳುತ್ತದೆ. ಪರೀಕ್ಷೆಯ ಹಿಂದಿನ ದಿನ ಒಪ್ಪತ್ತು ಮಾಡಿ ಡಾಕ್ಟರರ ಮುಂದೆ ಒಳ್ಳೆಯವರಾಗುವವರು ಬಹಳ ಮಂದಿ ಇದ್ದಾರೆ. ಈ ಅಂಕಿಯ ಮುಂದೆ ಅದು ನಡೆಯುವುದಿಲ್ಲ. ಆದರೆ ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳಲ್ಲಿ ಇದೂ ತಪ್ಪು ತೋರಿಸಬಹುದು, ಅವರಿಗೆ ಬರಿ ಹೊಟ್ಟೆಯ ಪರೀಕ್ಷೆಯನ್ನೂ ಜೊತೆಗಿಟ್ಟು ನೋಡಬೇಕು. ಬೆರಳು ಚುಚ್ಚಿ ಯಂತ್ರದಲ್ಲಿ ನೋಡುವುದು ಸುಳಿವಿಗಷ್ಟೇ. ಲಕ್ಷಣವಿಲ್ಲದವರಿಗೆ ಒಂದೇ ಪರೀಕ್ಷೆ ನೋಡಿ ರೋಗವೆಂದು ಬರೆಯುವುದಿಲ್ಲ. ನಿನ್ನದು ಬರಿ ಹೊಟ್ಟೆಯದು, ಎಚ್‌ಬಿಎ1ಸಿ ಎರಡೂ ದಾಟಿವೆ. ಅನುಮಾನ ಬೇಡ.

"ನಾ ಅಷ್ಟ್ ಸೀ ತಿನ್ನಾಂವ ಅಲ್ಲ, ನನಗ್ಯಾಕ ಬಂತು?" ಅಂತ ಕೇಳಿದೆ. ಸಿಹಿ ತಿಂದದ್ದೊಂದೇ ಕಾರಣವಲ್ಲ. ನಿಮ್ಮ ಅಜ್ಜಿಗೆ ಇತ್ತು, ದೊಡ್ಡಪ್ಪನಿಗೆ ಇದೆ. ಮೇಲಾಗಿ ನಮ್ಮ ದೇಶದ ಮಂದಿಯ ಮೈಕಟ್ಟೇ ಹಾಗೆ, ಕೈಕಾಲು ತೆಳ್ಳಗಿದ್ದರೂ ಹೊಟ್ಟೆಯೊಳಗೆ ಕೊಬ್ಬು ಕೂರುತ್ತದೆ. ಸಿಂಪಿಗರ ಟೇಪು ಹಿಡಿದು ನಡು ಅಳೆದುಕೋ. ಗಂಡಸರಿಗೆ 90 ಸೆಂಟಿಮೀಟರು, ಹೆಂಗಸರಿಗೆ 80 ದಾಟಿದರೆ ಎಚ್ಚರವಾಗಬೇಕು. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದಲೇ ಹುಟ್ಟಿದ ಕೂಸುಗಳ ತೂಕ, ಉದ್ದ ಬರೆದಿಟ್ಟಿದ್ದರು. ದಶಕಗಳಾದ ಮೇಲೆ ಆ ಕೂಸುಗಳನ್ನೇ ಹುಡುಕಿ ಪರೀಕ್ಷೆ ಮಾಡಿದಾಗ, ಹುಟ್ಟಿದಾಗಿನ ಮೈಕಟ್ಟಿಗೂ ನಡುವಯಸ್ಸಿನ ಸಕ್ಕರೆ ರೋಗಕ್ಕೂ ನಂಟು ಕಂಡಿತು. ಇದರ ಬೇರು ತಾಯಿಯ ಹೊಟ್ಟೆಯವರೆಗೂ ಇಳಿದಿರುತ್ತದೆ. ಹಾಗಾಗಿ ಮಂದಿಯ ಮುಂದೆ ತಲೆ ತಗ್ಗಿಸುವಂಥದ್ದು ಇದರಲ್ಲಿ ಏನೂ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಕೊಟ್ಟ ಲೆಕ್ಕದಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಈ ರೋಗವಿದೆ, 13.6 ಕೋಟಿ ಜನ ಗಡಿಯಲ್ಲಿದ್ದಾರೆ. ಪ್ಯಾಟಿ ಮಂದಿಯ ರೋಗ ಅನ್ನುವ ಕಾಲ ಹೋಯಿತು. ಟ್ರ್ಯಾಕ್ಟರು ಬಂತು, ಹೊಲಕ್ಕೆ ಬೈಕಿನಲ್ಲಿ ಹೋಗುತ್ತೀರಿ. ಬಿತ್ತನೆ, ಸುಗ್ಗಿ ಬಿಟ್ಟರೆ ಕಟ್ಟೆಯ ಮೇಲೆ ಕೂತು ಮಾತು. ಸುಗ್ಗಿಯ ದುಡಿತ ವರ್ಷದ ಲೆಕ್ಕಕ್ಕೆ ಸಾಲದು. ದಿನಾ ಅರ್ಧ ತಾಸು ಬಿರುಸಾಗಿ ನಡೆ.

ಈಗ ಗುಳಿಗೆಯ ಮಾತು. ಬಹಳ ಮಂದಿ ಕಾಲು ಜಾರುವುದು ಇಲ್ಲೇ. ಮೂರು ತಿಂಗಳು ನುಂಗುತ್ತಾರೆ, ಅಂಕಿ ಇಳಿಯುತ್ತದೆ, "ಆರಾಮಾತು" ಅಂತ ಬಿಡುತ್ತಾರೆ. ಅಂಕಿ ಇಳಿದದ್ದು ಗುಳಿಗೆ ಕೆಲಸ ಮಾಡುತ್ತಿದ್ದದ್ದಕ್ಕೆ. ಬಿಟ್ಟರೆ ಮತ್ತೆ ಏರುತ್ತದೆ, ಏರಿದ್ದು ಮೈಗೆ ಗೊತ್ತಾಗುವುದಿಲ್ಲ. ಬ್ರಿಟನ್ನಿನಲ್ಲಿ 1977ರಲ್ಲಿ ಶುರುವಾಗಿ 1998ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಹೊಸದಾಗಿ ರೋಗ ಕಂಡವರನ್ನು ಎರಡು ಗುಂಪು ಮಾಡಿದ್ದರು. ಒಂದರ ಎಚ್‌ಬಿಎ1ಸಿ 7.0ರ ಆಸುಪಾಸು, ಇನ್ನೊಂದರದು 7.9. ಇಷ್ಟು ಸಣ್ಣ ವ್ಯತ್ಯಾಸಕ್ಕೇ ಸಣ್ಣ ನಾಳಗಳ ತೊಂದರೆ ಕಾಲುಭಾಗ ತಗ್ಗಿತು. ಮೊದಲ ವರ್ಷಗಳಲ್ಲಿ ಬಿಗಿ ಹಿಡಿದವರಿಗೆ ಅದರ ಫಲ ಹತ್ತು ವರ್ಷದ ನಂತರವೂ ಉಳಿದಿತ್ತು. ನಿನಗೆ ಈ ಮೊದಲ ವರ್ಷಗಳು ಈಗ ನಡೆಯುತ್ತಿವೆ, ತಮ್ಮಾ. ತೂಕ ಇಳಿಸಿ, ಊಟ ಬದಲಿಸಿ ಗುಳಿಗೆ ಕಡಿಮೆ ಮಾಡಿಸಿಕೊಂಡವರೂ ಇದ್ದಾರೆ. ಆದರೆ ಅದು ಡಾಕ್ಟರು ಅಂಕಿ ನೋಡಿ ಮಾಡುವ ಕೆಲಸ, ನೀನಾಗಿ ಮಾಡಬೇಡ.

ನಿನಗೆ ಬರೆದುಕೊಟ್ಟಿರುವ ಮೆಟ್‌ಫಾರ್ಮಿನ್ ಉಂಡ ಮೇಲೆ ನುಂಗುವಂಥದ್ದು. ಮೊದಲ ವಾರ ಹೊಟ್ಟೆ ತೊಳಸಬಹುದು, ಹೊಂದಿಕೊಳ್ಳುತ್ತದೆ. ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಜೀವಸತ್ವ ಕಡಿಮೆಯಾಗಬಹುದು. ನಿಮ್ಮದು ಮಾಂಸ, ಮೊಟ್ಟೆ ಮುಟ್ಟದ ಮನೆ, ಹಾಗಾಗಿ ಆಗೊಮ್ಮೆ ಈಗೊಮ್ಮೆ ಅದನ್ನೂ ನೋಡಿಸು. ಅದು ಕಡಿಮೆಯಾದರೂ ಕಾಲು ಜೋಮು ಹಿಡಿಯುತ್ತದೆ. ಸರಕಾರಿ ಆಸ್ಪತ್ರೆಯಲ್ಲಿ ಗುಳಿಗೆ ತೀರಿದೆ ಅಂದರೆ ಜನೌಷಧಿ ಅಂಗಡಿಯಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತದೆ. ತೀರಿದ ನೆಪದಲ್ಲಿ ಹದಿನೈದು ದಿನ ಬಿಡುವುದು ಬೇಡ. ಸಂತೆಯಲ್ಲಿ ಪುಡಿ ಮಾರುತ್ತ ಬೇರು ಸಮೇತ ಕೀಳುತ್ತೇನೆ ಅನ್ನುವವನ ಮಾತು ಕೇಳಬೇಡ. ಹಾಗಲಕಾಯಿ ಪಲ್ಯ ತಿನ್ನು, ಒಳ್ಳೆಯದೇ. ಅದರ ರಸ ಕುಡಿದು ಗುಳಿಗೆ ಬಿಟ್ಟರೆ ಮಾತ್ರ ನನಗೆ ಸಿಟ್ಟು ಬರುತ್ತದೆ.

ಮುಂದೊಂದು ದಿನ ಇನ್ಸುಲಿನ್ ಬೇಕು ಅಂದರೆ ಹೆದರಬೇಡ. "ಸೂಜಿ ಹಚ್ಚಿದ್ರ ಮುಗೀತು" ಅನ್ನುವ ಮಾತು ನಮ್ಮ ಊರುಗಳಲ್ಲಿ ಬಲವಾಗಿ ಬೇರೂರಿದೆ. ತೀರಾ ತಡವಾಗಿ ಶುರು ಮಾಡಿದವರನ್ನು ನೋಡಿ ಹುಟ್ಟಿದ ಮಾತದು. ಅವರನ್ನು ಕೆಡಿಸಿದ್ದು ಸೂಜಿಯಲ್ಲ, ಅದಕ್ಕೂ ಹಿಂದಿನ ವರ್ಷಗಳು. 1922ರಲ್ಲಿ ಕೆನಡಾದ ಟೊರಾಂಟೊದಲ್ಲಿ ಮೊದಲ ಸಲ ಒಬ್ಬ ಹುಡುಗನಿಗೆ ಇನ್ಸುಲಿನ್ ಕೊಡುವವರೆಗೆ ಈ ರೋಗ ಬಂದ ಮಕ್ಕಳು ಸೊರಗಿ ಸಾಯುತ್ತಿದ್ದರು. ಈಗಲೂ ಮಕ್ಕಳಿಗೆ ಬರುವ ಬಗೆಯ ಸಕ್ಕರೆ ರೋಗಕ್ಕೆ ಅದೊಂದೇ ಔಷಧಿ. ಮನೆಯಲ್ಲೋ ಓಣಿಯಲ್ಲೋ ಒಂದು ಮಗು ವಿಪರೀತ ನೀರು ಕುಡಿಯುತ್ತ, ಹಾಸಿಗೆ ಒದ್ದೆ ಮಾಡುತ್ತ ಸೊರಗಿದರೆ ದೃಷ್ಟಿ ತೆಗೆಯುತ್ತ ಕೂರಬೇಡಿ, ಅಂದೇ ರಕ್ತ ನೋಡಿಸಿ. ಫ್ರಿಜ್ ಇಲ್ಲದ ಮನೆಯಲ್ಲಿ ಇನ್ಸುಲಿನ್ ಶೀಶೆ ಹೇಗೆ ಇಡುವುದು ಅಂತ ಕೇಳುತ್ತಾರೆ. ಗಡಿಗೆಯೊಳಗೆ ಚಿಕ್ಕ ಗಡಿಗೆ ಇಟ್ಟು, ನಡುವೆ ಉಸುಕು ತುಂಬಿ, ಉಸುಕನ್ನು ದಿನಾ ತೋಯಿಸಿ, ಒದ್ದೆ ಬಟ್ಟೆ ಮುಚ್ಚಿ ನೆರಳಿನಲ್ಲಿಡಬೇಕು. ನವಲಗುಂದದ ಬ್ಯಾಸಿಗೆಯಲ್ಲೂ ಒಳಗೆ ತಂಪಿರುತ್ತದೆ. ಬರ್ಫದಲ್ಲಿ ಮಾತ್ರ ಇಡಬಾರದು, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬರುವುದಿಲ್ಲ.

ಸಕ್ಕರೆ ಕಡಿಮೆಯಾಗುವುದೂ ಅಪಾಯವೇ. ಗ್ಲಿಮೆಪಿರೈಡ್‌ನಂಥ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ತಪ್ಪಿಸಿದರೆ ಕೈ ನಡುಗುತ್ತದೆ, ತಣ್ಣನೆಯ ಬೆವರು ಬರುತ್ತದೆ, ಮಾತು ತೊದಲುತ್ತದೆ. ಹೊಲದಲ್ಲಿ ಹಾಗೆ ಬಿದ್ದವನನ್ನು ಕುಡಿದಿದ್ದಾನೆ ಅಂದುಕೊಂಡು ಬಿಟ್ಟು ಹೋದದ್ದೂ ಉಂಟು. ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು, ಕಾಲು ತಾಸಿಗೆ ಸರಿಹೋಗದಿದ್ದರೆ ಮತ್ತೊಮ್ಮೆ, ಆಮೇಲೆ ಊಟ. ಎಚ್ಚರ ತಪ್ಪಿದವನ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಇಂಥ ಗುಳಿಗೆ ನುಂಗುವವರು ಶ್ರಾವಣ ಸೋಮವಾರದ ಉಪವಾಸವಾಗಲಿ, ರಮ್ಜಾನಿನ ರೋಜಾ ಆಗಲಿ, ಮೊದಲೇ ಡಾಕ್ಟರರನ್ನು ಕೇಳಿ ಗುಳಿಗೆಯ ಹೊತ್ತು ಬದಲಿಸಿಕೊಂಡೇ ಹಿಡಿಯಬೇಕು.

ಊಟದ ವಿಷಯದಲ್ಲಿ ನಮ್ಮ ಸೀಮೆ ಪುಣ್ಯ ಮಾಡಿದೆ. ಆದರೆ "ಜ್ವಾಳದ ರೊಟ್ಟಿ ತಿನ್ನಾವ್ರಿಗೆ ಸಕ್ಕರಿ ಬ್ಯಾನಿ ಬರಂಗಿಲ್ಲ" ಅನ್ನುವುದು ತಪ್ಪು. ರೊಟ್ಟಿಯೂ ಹೊಟ್ಟೆಯಲ್ಲಿ ಸಕ್ಕರೆಯೇ ಆಗುತ್ತದೆ, ಬಿಳಿ ಅನ್ನಕ್ಕಿಂತ ನಿಧಾನವಾಗಿ ಅಷ್ಟೇ. ಐದು ರೊಟ್ಟಿ ಮುಗಿಸಿ ಮೇಲೆ ತಾಟು ತುಂಬ ಅನ್ನ ಸಾರು ಉಂಡರೆ ರೊಟ್ಟಿಯ ಗುಣ ಎಲ್ಲಿ ಉಳಿಯಿತು? 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಬಡವರ ಮನೆಯ ಹಸಿವು ನೀಗಿತು, ಅದನ್ನು ನಾನು ಹಳಿಯುವುದಿಲ್ಲ. ಆದರೆ ಅನ್ನ ಎರಡೂ ಹೊತ್ತಿನ ಊಟವಾಗಿ ಕೂತಿತು. ನೀನು ಎರಡು ರೊಟ್ಟಿಗೆ ನಿಲ್ಲಿಸು. ಅದರ ಜೊತೆ ಬಟ್ಟಲು ತುಂಬ ಮಡಕಿಕಾಳೋ ಹೆಸರುಕಾಳೋ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ, ಮೆಂತ್ಯೆಪಲ್ಯ, ಸವತಿಕಾಯಿ, ಅಗಸಿ ಹಿಂಡಿ, ಮಜ್ಜಿಗೆ ಇರಲಿ. ನಿನ್ನ ಹೊಲದ ಕಡಲೆಯೇ ಒಳ್ಳೆಯ ಆಹಾರ, ನೆನೆಸಿ ತಿನ್ನು. ಕಲಘಟಗಿ ಕಡೆಯ ಬೀಗರ ಮನೆಗೆ ಹೋದರೆ ಅಲ್ಲಿ ಅನ್ನವೇ ಊಟ, ಹಿಡಿಯಷ್ಟು ಅನ್ನ ಹಾಕಿಸಿಕೊಂಡು ಪಲ್ಯ ಹೆಚ್ಚು ಕೇಳು. ಎಳ್ಳಮಾಸಿಗೆ ಚರಗ ಚೆಲ್ಲಿದ ದಿನ ಹೋಳಿಗೆ ಮುಟ್ಟಬೇಡ ಅನ್ನುವುದಿಲ್ಲ. ಒಂದು ತಿನ್ನು, ಅಂದು ಅನ್ನ ಬಿಡು.

ಹೋಳಿಗೆಗಿಂತ ನನಗೆ ಚಾದ ಚಿಂತೆ. ದಿನಕ್ಕೆ ಆರು ಕಪ್ಪು, ಕಪ್ಪಿಗೆ ಎರಡು ಚಮಚ. ತಿಂಗಳಿಗೆ ಲೆಕ್ಕ ಹಾಕು, ಹೆಚ್ಚುಕಡಿಮೆ ಎರಡು ಕಿಲೋ ಸಕ್ಕರೆ ಚಾದಲ್ಲೇ ಒಳಗೆ ಹೋಗುತ್ತದೆ. ಯಾರ ಮನೆಗೆ ಹೋದರೂ ಚಾ ಇಲ್ಲದೆ ಕಳಿಸುವುದಿಲ್ಲ, ಬೇಡವೆಂದರೆ ಬೇಜಾರು ಮಾಡಿಕೊಳ್ಳುತ್ತಾರೆ. "ನನಗ ಸಕ್ಕರಿ ಐತ್ರಿ, ಹಾಕಬ್ಯಾಡ್ರಿ" ಅಂತ ನಾಲ್ಕು ಮನೆಯಲ್ಲಿ ಬಾಯಿಬಿಟ್ಟು ಹೇಳು. ಐದನೆಯ ಮನೆಯಲ್ಲಿ ಅವರೇ ನೆನಪಿಟ್ಟಿರುತ್ತಾರೆ. ಬೆಲ್ಲಕ್ಕೇನೂ ಆಗುವುದಿಲ್ಲ ಅನ್ನುವವರಿದ್ದಾರೆ, ಆಗುತ್ತದೆ. ಬೆಲ್ಲವೂ ಸಕ್ಕರೆಯೇ.

ಪಾದದ ಮಾತು ಸ್ವಲ್ಪ ಉದ್ದವಾಗುತ್ತದೆ, ಬೇಸರ ಮಾಡಿಕೊಳ್ಳದೆ ಓದು. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದ ಪಾಲ್ ಬ್ರ್ಯಾಂಡ್ ಅನ್ನುವ ಶಸ್ತ್ರವೈದ್ಯರು ವೆಲ್ಲೂರಿನಲ್ಲಿ ಕುಷ್ಠರೋಗಿಗಳಿಗೆ ಚಿಕಿತ್ಸೆ ಮಾಡುತ್ತಿದ್ದರು. ಆ ರೋಗದಲ್ಲಿ ಬೆರಳುಗಳು ತಾವಾಗಿಯೇ ಕೊಳೆತು ಬೀಳುತ್ತವೆ ಅಂತ ಎಲ್ಲರೂ ತಿಳಿದಿದ್ದ ಕಾಲ. ಅವರು ಕಂಡುಕೊಂಡದ್ದು ಬೇರೆ. ನೋವು ತಿಳಿಯದ ಕೈಕಾಲಿಗೆ ಸುಟ್ಟದ್ದು, ಚುಚ್ಚಿದ್ದು, ತಿಕ್ಕಿದ್ದು ಗೊತ್ತಾಗದೆ ಗಾಯದ ಮೇಲೆ ಗಾಯವಾಗಿ ಅವು ಹಾಳಾಗುತ್ತಿದ್ದವು. ಮುಂದೆ ಅಮೆರಿಕಕ್ಕೆ ಹೋದ ಮೇಲೆ ಸಕ್ಕರೆ ರೋಗಿಗಳ ಪಾದದಲ್ಲೂ ಅದನ್ನೇ ಕಂಡರು. ನೋವು ದೇವರು ಕೊಟ್ಟ ಕಾವಲು, ಅದಿಲ್ಲದ ಪಾದವನ್ನು ಕಣ್ಣಿನಿಂದಲೇ ಕಾಯಬೇಕು. ನಮ್ಮ ಕಡೆ ಜಾಲಿ ಮುಳ್ಳು ಮುರಿದು ಎರಡು ದಿನ ಅಂಗಾಲಿನಲ್ಲೇ ಇದ್ದರೂ ಗೊತ್ತಾಗದೆ, ಕಾಲು ಊದಿ ವಾಸನೆ ಬಂದ ಮೇಲೆ ಮನೆಯವರೇ ಕಂಡುಹಿಡಿದದ್ದನ್ನು ನೋಡಿದ್ದೇನೆ. ಆ ಮನುಷ್ಯ ಆಗಲೂ ಅಂದದ್ದು, "ಬ್ಯಾನಿ ಏನಿಲ್ಲರಿ."

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ನೀನು ಕಣ್ಣು ಮುಚ್ಚಿ ಮಲಗು. ನಿನ್ನ ಹೆಂಡತಿ ತೋರುಬೆರಳಿನ ತುದಿಯಿಂದ ಎರಡೂ ಪಾದದ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒಂದೊಂದಾಗಿ, ಒತ್ತದೆ, ಮೆತ್ತಗೆ ಮುಟ್ಟಲಿ. ಆರರಲ್ಲಿ ಎರಡು ಗೊತ್ತಾಗದಿದ್ದರೆ ನರ ಸೋತಿದೆ ಅಂತ ತಿಳಿದು ಡಾಕ್ಟರರಿಗೆ ತೋರಿಸು. ದಿನಾ ರಾತ್ರಿ ಕಾಲು ತೊಳೆದು, ಬೆರಳ ಸಂದಿ ಒರೆಸಿ, ಕನ್ನಡಿ ಹಿಡಿದು ಅಂಗಾಲು ನೋಡಿಕೋ. ಹಿಮ್ಮಡಿ ಒಡೆದಿದ್ದರೆ ಕೊಬ್ಬರಿ ಎಣ್ಣೆ ಹಚ್ಚು, ಬೆರಳ ಸಂದಿಗೆ ಬೇಡ. ಬಿಸಿನೀರಿನ ಕಾವು ಕೊಡಬೇಡ, ಸುಟ್ಟರೂ ತಿಳಿಯುವುದಿಲ್ಲ. ಹೊಲಕ್ಕೆ ಮುಚ್ಚಿದ ಬೂಟು, ಹಾಕುವ ಮೊದಲು ಝಾಡಿಸಿ ಒಳಗೆ ಕೈಯಾಡಿಸು. ಹೆಬ್ಬೆರಳಿಗೆ ಉಂಗುಷ್ಠ ಇರುವ ಚಪ್ಪಲಿ ಬಿಡು, ಹಿಂದೆ ಪಟ್ಟಿ ಇರುವ, ಅಡಿ ಮೆತ್ತಗಿರುವ ಎಂಸಿಆರ್ ಚಪ್ಪಲಿ ಕೇಳಿ ತೆಗೆದುಕೋ. ಗಾಯವಾದರೆ ಸುಣ್ಣ, ಸೊಪ್ಪಿನ ರಸ ಏನನ್ನೂ ಹಚ್ಚದೆ ತೊಳೆದು, ಸ್ವಚ್ಛ ಬಟ್ಟೆ ಕಟ್ಟಿ ಮರುದಿನವೇ ತೋರಿಸು. ಬಾಯಲ್ಲಿರುವ ಗುಟ್ಕಾ, ಕಿಸೆಯಲ್ಲಿರುವ ಬೀಡಿ ಎರಡನ್ನೂ ಬಿಡು. ಸಕ್ಕರೆ ಕೆಡಿಸಿದ ನಾಳವನ್ನು ತಂಬಾಕು ಮುಚ್ಚಿಯೇಬಿಡುತ್ತದೆ, ಗಾಯಕ್ಕೆ ರಕ್ತ ಹರಿಯದಿದ್ದರೆ ಯಾವ ಔಷಧಿಯೂ ಅಲ್ಲಿಗೆ ಮುಟ್ಟುವುದಿಲ್ಲ.

ಇನ್ನು ನಿನ್ನ ಹರಕೆ. ಯುಗಾದಿಗೆ ಶ್ರೀಶೈಲಕ್ಕೆ ಬರಿಗಾಲಲ್ಲಿ ನಡೆಯುತ್ತೇನೆ ಅಂತ ಬೇಡಿಕೊಂಡಿದ್ದೀಯ. ಆ ಬಿಸಿಲಿನಲ್ಲಿ ಡಾಂಬರು ರಸ್ತೆ ಕಾದ ಹಂಚಾಗಿರುತ್ತದೆ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಬರಿಗಾಲಲ್ಲಿ ಹೋಗಿ ಬಂದು ಅಂಗಾಲು ತುಂಬ ಬೊಬ್ಬೆ ಎಬ್ಬಿಸಿಕೊಂಡ ಸಕ್ಕರೆ ರೋಗಿಗಳಿಗೆ ನಾನೇ ಪಟ್ಟಿ ಕಟ್ಟಿದ್ದೇನೆ. ಭಕ್ತಿಯನ್ನು ಬಿಡು ಅನ್ನುವ ಅಧಿಕಾರ ನನಗಿಲ್ಲ, ನಾನೂ ಶ್ರೀಶೈಲದ ಮಲ್ಲಯ್ಯನ ಒಕ್ಕಲೇ. ಬೂಟು, ಕಾಲುಚೀಲ ಹಾಕಿಕೊಂಡು ನಡೆ, ಗುಳಿಗೆ ಕಟ್ಟಿಕೊಂಡು ಹೋಗು, ದಾರಿಯುದ್ದಕ್ಕೂ ದಾಸೋಹದಲ್ಲಿ ಬಡಿಸುವ ಸಿಹಿಗೆ ಕೈಮುಗಿದು ಮುಂದೆ ಸಾಗು. ಮಲ್ಲಯ್ಯ ಒಪ್ಪಿಕೊಳ್ಳುತ್ತಾನೆ.

ಕಣ್ಣನ್ನು ವರ್ಷಕ್ಕೊಮ್ಮೆ, ಹನಿ ಹಾಕಿಸಿ ಹಿಂಪರದೆಯ ತನಕ ನೋಡಿಸಬೇಕು. ಚಷ್ಮಾ ಅಂಗಡಿಯ ಪರೀಕ್ಷೆ ಅದಲ್ಲ. ಹುಬ್ಬಳ್ಳಿಯ ಕಿಮ್ಸ್‌ನಲ್ಲಾಗಲಿ ಎಂ.ಎಂ. ಜೋಶಿ ಕಣ್ಣಿನ ಆಸ್ಪತ್ರೆಯಲ್ಲಾಗಲಿ ಮಾಡಿಸು. ಮಬ್ಬಾಗುವ ಮೊದಲೇ ಲೇಸರ್ ಮಾಡಿದರೆ ದೃಷ್ಟಿ ಉಳಿಯುತ್ತದೆ.

ಮೂತ್ರಪಿಂಡದ ವಿಷಯದಲ್ಲಿ ನನ್ನ ದೊಡ್ಡ ಹೆದರಿಕೆ ನಮ್ಮವರ ನೋವಿನ ಗುಳಿಗೆ. ದಿನವೆಲ್ಲ ಕಳೆ ತೆಗೆದು ಮೈ ನೋಯುತ್ತದೆ, ಅಂಗಡಿಯಲ್ಲಿ ಚೀಟಿಯಿಲ್ಲದೆ ಡೈಕ್ಲೋಫೆನಾಕ್ ಕೊಳ್ಳುತ್ತಾರೆ, ವಾರಗಟ್ಟಲೆ ನುಂಗುತ್ತಾರೆ. ಸಕ್ಕರೆಯಿಂದ ಸೊರಗಿದ ಮೂತ್ರಪಿಂಡವನ್ನು ಈ ಗುಳಿಗೆಗಳು ಬೇಗ ಮುಗಿಸುತ್ತವೆ. ಆಮೇಲೆ ಮಂದಿ ಹೇಳುವುದು ಸಕ್ಕರೆ ಗುಳಿಗೆಯಿಂದ ಕಿಡ್ನಿ ಹೋಯಿತು ಅಂತ! ವರ್ಷಕ್ಕೊಮ್ಮೆ ಮೂತ್ರದಲ್ಲಿ ಅಲ್ಬುಮಿನ್, ರಕ್ತದಲ್ಲಿ ಕ್ರಿಯಾಟಿನಿನ್ ನೋಡಿಸು. ಅಲ್ಬುಮಿನ್ ಸ್ವಲ್ಪವೇ ಸೋರುತ್ತಿರುವಾಗ ಸಿಕ್ಕಿದರೆ ತಡೆಯಲು ಔಷಧಿ ಇದೆ. ಮುಖ, ಕಾಲು ಊದಿದ ಮೇಲೆ ಸಿಕ್ಕಿದರೆ ವಾರಕ್ಕೆ ಎರಡು ಮೂರು ಸಲ, ಒಂದೊಂದು ಸಲಕ್ಕೆ ನಾಲ್ಕು ತಾಸು ಡಯಾಲಿಸಿಸ್ ಯಂತ್ರದ ಪಕ್ಕ ಮಲಗಬೇಕು. ಬಿಪಿಯನ್ನು 130/80ರ ಆಸುಪಾಸಿನಲ್ಲಿಡುವುದು ಸಕ್ಕರೆ ಹಿಡಿತದಲ್ಲಿಡುವಷ್ಟೇ ಮುಖ್ಯ.

ಹೃದಯಾಘಾತವೂ ಸಕ್ಕರೆ ಇದ್ದವರಿಗೆ ಎದೆನೋವಿಲ್ಲದೆ ಬರಬಹುದು. ಇದ್ದಕ್ಕಿದ್ದಂತೆ ಬೆವರು, ಏದುಸಿರು, ದವಡೆ ಅಥವಾ ಹೊಟ್ಟೆಯ ಮೇಲ್ಭಾಗ ಹಿಡಿದಂತಾದರೆ ವಾಯು ಅಂತ ಸೋಡಾ ಕುಡಿಯುತ್ತ ಕೂರದೆ ತಾಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸು. ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸು, ಸಕ್ಕರೆ ಇದ್ದವರಿಗೆ ಕ್ಷಯ ಬೇಗ ಅಂಟುತ್ತದೆ.

ಕಡೆಗೆ ಒಂದು ಮಾತು, ಇದು ನಿನ್ನ ಹೆಂಡತಿಯ ಬಗ್ಗೆ. ನಿನ್ನ ರಿಪೋರ್ಟು ಹಿಡಿದು ಮನೆಯವರೆಲ್ಲ ಓಡಾಡುತ್ತಿದ್ದೀರಿ, ಅವಳ ರಕ್ತವನ್ನು ಯಾರೂ ನೋಡಿಸಿಲ್ಲ. ಎರಡನೆಯ ಹೆರಿಗೆಯಲ್ಲಿ ಅವಳ ಕೂಸು 4 ಕಿಲೋ ಇತ್ತು, ಆ ಬಸಿರಿನಲ್ಲಿ ಗ್ಲೂಕೋಸ್ ಕುಡಿಸಿ ನೋಡಿದ್ದರಲ್ಲಿ 140 ದಾಟಿತ್ತು ಅಂತ ಅವಳ ತಾಯಿ ಕಾರ್ಡಿನಲ್ಲಿ ಬರೆದಿದೆ. ಬಸಿರಲ್ಲಿ ಸಕ್ಕರೆ ಕಂಡವರಿಗೆ ಹೆರಿಗೆಯ ನಂತರ ಇಳಿದರೂ ಮುಂದೆ ರೋಗ ಬರುವ ಸಾಧ್ಯತೆ ಬಹಳ ಹೆಚ್ಚು. ವರ್ಷ ವರ್ಷ ನೋಡಿಸಬೇಕಾದವಳು ಅವಳು. ಮೈ ತುರಿಕೆ, ಬಿಳಿ ಮುಟ್ಟು, ದಣಿವು ಅಂತ ಎಷ್ಟು ಸಲ ಅಂದಿದ್ದಾಳೆ, ನೀವು ಕಿವಿಗೆ ಹಾಕಿಕೊಂಡಿಲ್ಲ. ನಮ್ಮ ಹೆಣ್ಣುಮಕ್ಕಳು ತಮ್ಮ ಜಡ್ಡನ್ನು ಕೊನೆಗೆ ಹೇಳುತ್ತಾರೆ, ಕೊನೆಗೆ ಉಣ್ಣುವ ಹಾಗೆಯೇ.

ತಾಲೂಕು ಆಸ್ಪತ್ರೆಯ ಎನ್‌ಸಿಡಿ, ಅಂದರೆ ಅಂಟದ ರೋಗಗಳ ಕ್ಲಿನಿಕ್‌ನಲ್ಲಿ 30 ದಾಟಿದ ಎಲ್ಲರಿಗೂ ಸಕ್ಕರೆ, ಬಿಪಿ ಪರೀಕ್ಷೆ ಉಚಿತ. ಸೋಮವಾರ ಮುಂಜಾನೆ ಮೊದಲ ಬಸ್ಸಿಗೆ ನಿನ್ನ ಹಳೆಯ ಚೀಟಿಗಳು, ಅವಳ ತಾಯಿ ಕಾರ್ಡು ತೆಗೆದುಕೊಂಡು ಇಬ್ಬರೂ ಬನ್ನಿ. ಚಾ ಕುಡಿಯದೆ ಬರಬೇಕು, ನೀರಾದರೆ ಅಡ್ಡಿಯಿಲ್ಲ. ರಕ್ತ ಕೊಟ್ಟಾದ ಮೇಲೆ ನಾಷ್ಟಾ ನಮ್ಮ ಮನೆಯಲ್ಲಿ.